ಸಸಿಹಿತ್ಲು ಕಡಲಲ್ಲಿ ಕಾಕಾ ಮತ್ತು ನಾನು

ಹೋದ ದಸರಾ ಸೂಟಿಯಲ್ಲಿ ನಾನು ನಮ್ಮ ಕಾಕಾನ ಹತ್ತಿರ ಹೋಗಿದ್ದೆ. ಕಾಕಾ ಗೌಂಡಿ ಕೆಲಸ ಮಾಡುತ್ತಾನೆ. 2023ರಲ್ಲಿ ಮಳೆ ಕೈಕೊಟ್ಟು ಗೋವಿನಜೋಳ ನಿಂತಲ್ಲೇ ಒಣಗಿತಲ್ಲ, ಆವಾಗಿಂದ ಮೂಲ್ಕಿ ಕಡೆ ದುಡಿಯುತ್ತಾನೆ. ನಮ್ಮ ಹಾನಗಲ್ಲ, ಶಿಗ್ಗಾಂವಿ ಕಡೆಯ ಮಂದಿ ಅಲ್ಲಿ ಇನ್ನೂ ಇದ್ದಾರೆ. ಅವ್ವ ರೊಟ್ಟಿ, ಶೇಂಗಾ ಚಟ್ನಿ ಮತ್ತು ಒಂದು ಕಟ್ಟು ಸವಣೂರ ಎಲೆ ಕಟ್ಟಿಕೊಟ್ಟಳು. ಶಿರಸಿ ದಾಟಿ ಘಟ್ಟ ಇಳಿದು, ಕುಮಟಾ, ಭಟ್ಕಳ, ಉಡುಪಿ ಮೇಲೆ ಹಾದು ಮುಟ್ಟುವಷ್ಟರಲ್ಲಿ ಕತ್ತಲಾಗಿತ್ತು. ಅಪ್ಪ ನನ್ನನ್ನು ಬಿಟ್ಟು ಮರುದಿನ ತಿರುಗಿ ಬಂದ.

ಕಾಕಾನ ಖೋಲಿ ಇರುವುದು ಸಸಿಹಿತ್ಲು ಎಂಬ ಮೀನುಗಾರರ ಊರಲ್ಲಿ. ಗದ್ದಲ ಇಲ್ಲ. ನಂದಿನಿ, ಶಾಂಭವಿ ಎಂಬ ಎರಡು ಹೊಳೆಗಳು ಅಲ್ಲಿ ಕಡಲು ಸೇರುತ್ತವೆ. ತೆಂಗಿನ ಮರದ ಕೆಳಗೆ ದೋಣಿ, ಬಲೆ, ಬೂತಾಯಿ ಮೀನಿನ ವಾಸನೆ. ಮಾಸೂರಿನ ಮದಗದ ಕೆರೆಯೇ ದೊಡ್ಡದು ಅಂತ ನಾನು ತಿಳಿದಿದ್ದೆ. ಆದರೆ ಕೆರೆಗೆ ಆಚೆ ದಂಡೆ ಇರುತ್ತದೆ. ಇದಕ್ಕೆ ಇಲ್ಲವೇ ಇಲ್ಲ!

ಅಲ್ಲಿಯ ಹುಡುಗರು ಉದ್ದನೆಯ ಹಲಗೆಯ ಮೇಲೆ ನಿಂತು ತೆರೆಯ ಜೊತೆ ಜಾರಿಕೊಂಡು ದಂಡೆಗೆ ಬರುತ್ತಾರೆ. ಇದಕ್ಕೆ ಸರ್ಫಿಂಗ್ ಎನ್ನುವರು. 2004ರಲ್ಲಿ ಅಮೆರಿಕದ ಜ್ಯಾಕ್ ಹೆಬ್ನರ್ ಎಂಬುವರು ಮೂಲ್ಕಿಯಲ್ಲಿ ಇದರ ಕ್ಲಬ್ಬು ಶುರು ಮಾಡಿದರು. ಜನ ಅವರನ್ನು ಸರ್ಫಿಂಗ್ ಸ್ವಾಮಿ ಅನ್ನುತ್ತಿದ್ದರು. 2016ರಲ್ಲಿ ಸಸಿಹಿತ್ಲುವಿನಲ್ಲೇ ದೇಶದ ದೊಡ್ಡ ಸ್ಪರ್ಧೆ ನಡೆಯಿತು. 2021ರಲ್ಲಿ ಟೋಕಿಯೋದಲ್ಲಿ ಈ ಆಟ ಒಲಿಂಪಿಕ್ಸ್ ಸೇರಿತು. 2025ರಲ್ಲಿ ಏಷ್ಯನ್ ಚಾಂಪಿಯನ್‌ಶಿಪ್ಪಿನಲ್ಲಿ ಕಂಚು ಗೆದ್ದವರು ರಮೇಶ ಬೂದಿಹಾಳ. ಅಡ್ಡಹೆಸರು ನೋಡ್ರಿ, ನಮ್ಮ ಕಡೇದ ಇದ್ದಂಗ ಐತಿ!

ರೊಕ್ಕ ಕೊಟ್ಟು ಕಲಿಯಬೇಕೆಂದರೆ ಕಾಕಾನ ಒಂದು ದಿನದ ಪಗಾರ ಸಾಲುವುದಿಲ್ಲ. ಖೋಲಿ ಮಾಲೀಕರ ಮಗ ಪ್ರವಾಸಿಗಳಿಗೆ ಕಲಿಸುತ್ತಾರೆ. ಅವರು ರವಿವಾರ ನನಗೆ ಪುಕ್ಕಟೆ ಕಲಿಸಲು ಒಪ್ಪಿದರು. ನಾನು ಹಲಗೆ ಹಿಡಿಯಲು ಹೋದರೆ, "ಮೊದಲು ನೀರು ನೋಡ್ಲಿಕ್ಕೆ ಕಲಿ ಮಾರಾಯ" ಅಂದು ಅರ್ಧ ತಾಸು ಉಸುಕಿನಲ್ಲಿ ಕೂಡಿಸಿದರು. ಎಲ್ಲ ಕಡೆ ತೆರೆ ಒಡೆಯುತ್ತಿತ್ತು, ಒಂದು ಕಡೆ ಮಾತ್ರ ನೀರು ತಣ್ಣಗಿತ್ತು. ನಾನಾದರೆ ಅಲ್ಲೇ ಇಳಿಯುತ್ತಿದ್ದೆ. ಆದರೆ ದಂಡೆಗೆ ಬಂದ ನೀರು ಜೋರಾಗಿ ಒಳಗೆ ತಿರುಗಿ ಹೋಗುವ ದಾರಿಯೇ ಅದು. ಅದರಲ್ಲಿ ಸಿಕ್ಕರೆ ದಂಡೆಯ ಕಡೆ ಗುದ್ದಾಡಬಾರದಂತೆ, ದಣಿದು ಮುಳುಗುತ್ತೇವೆ. ದಂಡೆಯ ಗುಂಟ ಅಡ್ಡ ಈಜಿ ಹೊರಬರಬೇಕು. ಇದನ್ನು ಅಲ್ಲಿಯ ಸಣ್ಣ ಹುಡುಗರೂ ಬಲ್ಲರು. ನಮ್ಮೂರ ಕೃಷಿಹೊಂಡದಲ್ಲಿ ಹೋದ ವರ್ಷ ಏನಾಯಿತು ಅಂತ ನಿಮಗೆಲ್ಲ ಗೊತ್ತೇ ಇದೆ. ನಮಗೆ ನೀರಿನ ಬಗ್ಗೆ ಯಾರೂ ಏನೂ ಹೇಳಿಲ್ಲ, ಹೋಗಬ್ಯಾಡ ಅಂತ ಬಿಟ್ಟು.

ಅವ್ವ ಫೋನಿನಲ್ಲಿ, "ನೀ ಜೋಡಿ ಇದ್ರಷ್ಟ ಅವನ್ನ ನೀರಿಗೆ ಬಿಡು" ಅಂತ ಕಾಕಾನಿಗೆ ಹೇಳಿದ್ದಳು. ಅದಕ್ಕೇ ಕಾಕಾನೂ ಇಳಿಯಬೇಕಾಯಿತು. ಕಡಲ ಪಕ್ಕದಲ್ಲೇ ಇಷ್ಟು ದಿನ ಇದ್ದರೂ ಆತ ಮೊಣಕಾಲಿನ ಮೇಲೆ ನೀರು ಕಂಡಿರಲಿಲ್ಲ.

"ಯಾಕ ಕಾಕಾ, ಅಂಜಿಕಿ ಏನು?"

"ಅಂಜಿಕಿ ಅಲ್ಲಲೇ. ಕೈ ನೋಡು."

ಸಿಮೆಂಟು ತಿಂದು ಅಂಗೈ ಸೀಳಿತ್ತು. ಉಪ್ಪುನೀರು ತಾಗಿದರೆ ಬೆಂಕಿ ಹತ್ತಿದಂತೆ ಉರಿಯುತ್ತದಂತೆ. ಆದರೂ ಹಲಗೆ ಹಿಡಿದುಕೊಂಡು ಎದೆಮಟ್ಟ ನೀರಲ್ಲಿ ನಿಂತ.

ನಾನು ಏಳು ಸಲ ಬಿದ್ದೆ. ಎಂಟನೇ ಸಲ ಎದ್ದು ನಿಂತೆ, ಒಂದು, ಎರಡು, ಮೂರು ಎಣಿಸುವಷ್ಟು. ಮೂಗಿನ ತುಂಬ ಉಪ್ಪುನೀರು. ಆಮೇಲೆ ಆ ಅಣ್ಣ, "ಈಗ ನೀವು ಬನ್ನಿ" ಅಂತ ಕಾಕಾನನ್ನೇ ಹಲಗೆಯ ಮೇಲೆ ಮಲಗಿಸಿ ದೂಡಿದರು. ಕಾಕಾ ಏಳಲಿಲ್ಲ, ಬೋರಲು ಮಲಗಿಯೇ ದಂಡೆತನಕ ಬಂದ, ಸಣ್ಣ ಹುಡುಗನ ಹಾಗೆ ಕೂಗುತ್ತ. ಅಷ್ಟು ಜೋರಾಗಿ ಕಾಕಾ ನಕ್ಕಿದ್ದನ್ನು ನಾನು ಊರಲ್ಲಿ ನೋಡಿಲ್ಲ. ಕೈ ಉರಿಯುತ್ತಿದ್ದರೂ ಮತ್ತೆ ಎರಡು ಸಲ ಹೋದ.

ರಾತ್ರಿ ಅಂಗೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತ, "ನಾ ಹಲಗಿ ಮ್ಯಾಲ ಮಲಗಿದ್ದು ಊರಾಗ ಹೇಳಬ್ಯಾಡ, ನಗ್ತಾರ" ಅಂದ. ಮುಂಜಾನೆ ಏಳಕ್ಕೆ ಕೆಲಸಕ್ಕೆ ಹೋದ. ಇದನ್ನು ಓದಿದವರು ದಯವಿಟ್ಟು ಯಾರೂ ನಮ್ಮ ಓಣಿಯಲ್ಲಿ ಹೇಳಬ್ಯಾಡ್ರಿ.