ಮುಚ್ಚಿಟ್ಟ ಕಡತ, ತೆರೆದ ಬಾಯಿ

ಒಮ್ಮೆ ಧರ್ಮೋಪದೇಶ ತರಗತಿಯಲ್ಲಿ ಹುಡುಗನೊಬ್ಬನನ್ನು, "ಅಪ್ಪ ಬರಲಿಲ್ಲವೇ ಮಗಾ?" ಎಂದು ಎಲ್ಲರೆದುರು ಕೇಳಿಬಿಟ್ಟೆವು. ಅವನು ತಲೆ ತಗ್ಗಿಸಿದ. ಉತ್ತರ ಹಿಂದಿನ ಬೆಂಚಿನಿಂದ ಬಂತು. ಹೆತ್ತವರ ವಿಚ್ಛೇದನದ ವಿಷಯ ಆಗಲೇ ಊರಿಗೆಲ್ಲ ಗೊತ್ತಿತ್ತು.

ಆಗ ನಮಗೆ ನೆನಪಾದದ್ದು 2004ರಲ್ಲಿ ಅಮೆರಿಕದಲ್ಲಿ ನಡೆದ ಘಟನೆ. ಇಲಿನಾಯ್ ರಾಜ್ಯದಿಂದ ಜ್ಯಾಕ್ ರಯಾನ್ ಎಂಬವರು ಸೆನೆಟ್ ಚುನಾವಣೆಗೆ ನಿಂತಿದ್ದರು. ಅವರ ವಿಚ್ಛೇದನ 1999ರಲ್ಲೇ ಆಗಿತ್ತು. ಮಗನ ಪಾಲನೆಯ ವ್ಯಾಜ್ಯದ ಕಾಗದಪತ್ರಗಳನ್ನು ಕ್ಯಾಲಿಫೋರ್ನಿಯಾದ ನ್ಯಾಯಾಲಯ ಗುಪ್ತವಾಗಿಟ್ಟಿತ್ತು. ಷಿಕಾಗೋದ ಪತ್ರಿಕೆಯೊಂದು ಮತ್ತು ಟಿವಿ ಕೇಂದ್ರವೊಂದು ಅವನ್ನು ಬಹಿರಂಗಪಡಿಸಬೇಕೆಂದು ಕೇಳಿದವು. ದೂರವಾಗಿದ್ದ ತಂದೆತಾಯಿ ಇದೊಂದರಲ್ಲಿ ಒಂದಾಗಿ, ಮಗನಿಗೆ ನೋವಾಗುತ್ತದೆ, ಬೇಡವೆಂದರು. ಆದರೂ ಜೂನ್ ತಿಂಗಳಲ್ಲಿ ನ್ಯಾಯಾಧೀಶರ ಆದೇಶದಂತೆ ಕಡತ ತೆರೆಯಿತು. ಹೆಂಡತಿ ಹೊರಿಸಿದ್ದ, ಗಂಡ ಅಲ್ಲಗಳೆದಿದ್ದ ಆರೋಪಗಳು ಮನೆಮಾತಾದವು. ಕೆಲವೇ ದಿನಗಳಲ್ಲಿ ರಯಾನ್ ಕಣದಿಂದ ಸರಿದರು. ನವೆಂಬರಿನಲ್ಲಿ ಆ ಸ್ಥಾನ ಗೆದ್ದವರು ಬರಾಕ್ ಒಬಾಮಾ.

ಮತ ಕೇಳುವವರ ನಡತೆ ತಿಳಿಯುವ ಹಕ್ಕು ಜನರಿಗಿಲ್ಲವೇ? ಇದೆ. ಆದರೆ ಒಂಬತ್ತು ವರ್ಷದ ಆ ಹುಡುಗ ಯಾರ ಮತವನ್ನೂ ಕೇಳಿರಲಿಲ್ಲ.

ನಮ್ಮ ದೇಶದ 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯಿದೆಯ ಪ್ರಕಾರ, ದಂಪತಿಗಳಲ್ಲಿ ಒಬ್ಬರು ಬಯಸಿದರೂ ವಿಚಾರಣೆ ಮುಚ್ಚಿದ ಬಾಗಿಲೊಳಗೆ ನಡೆಯಬೇಕು. ಕಾಯಿದೆ ಮುಚ್ಚಬಲ್ಲದ್ದು ನ್ಯಾಯಾಲಯದ ಬಾಗಿಲನ್ನು ಮಾತ್ರ. ಪ್ರಿಯ ಹೆತ್ತವರೇ, ಚರ್ಚಿನ ಅಂಗಳದಲ್ಲಿ, ಮದುವೆಯ ಊಟದ ಪಂಕ್ತಿಯಲ್ಲಿ ನಮ್ಮ ಬಾಯಿಯನ್ನು ನಾವೇ ಮುಚ್ಚಬೇಕು.

ಮುಂದಿನ ಭಾನುವಾರ ಆ ಹುಡುಗ ಎದುರಾದಾಗ, "ತಿಂಡಿ ಆಯಿತೇ ಮಗಾ?" ಎಂದಷ್ಟೇ ಕೇಳಿದೆವು. ಅವನು ತಲೆಯೆತ್ತಿ ನಕ್ಕ.