ದಿನವನ್ನು ಅರಿತವರ ಬೆಟ್ಟ

ಶ್ರವಣಬೆಳ್ಗೊಳಕ್ಕೆ ಹೋದವರೆಲ್ಲರೂ ಮೊದಲು ದೊಡ್ಡಬೆಟ್ಟವನ್ನೇ ಏರುವರು. ಗೊಮ್ಮಟಸ್ವಾಮಿಯ ದರ್ಶನವಾಗುವಷ್ಟರಲ್ಲಿ ಬಿಸಿಲೇರಿರುವುದು, ಕಾಲು ಸೋತಿರುವುದು. ಕಲ್ಯಾಣಿಯ ಆಚೆಗೆ ಎದುರಿಗೇ ಕಾಣುವ ಚಿಕ್ಕಬೆಟ್ಟವನ್ನು ಇನ್ನೊಮ್ಮೆ ನೋಡಿದರಾಯಿತೆಂದು ಹಿಂದಿರುಗುವವರೇ ಹೆಚ್ಚು. ನಾವು ಈ ಸಲ ಆ ಕ್ರಮವನ್ನು ಬಿಟ್ಟು, ಬೆಳಗಿನ ತಂಪಿನಲ್ಲಿ ಚಿಕ್ಕಬೆಟ್ಟವನ್ನೇ ಮೊದಲು ಹತ್ತಿದೆವು. ಅದಕ್ಕೊಂದು ಕಾರಣವುಂಟು. ತನ್ನ ಮರಣದ ದಿನವು ಮುಂಚಿತವಾಗಿಯೇ ತಿಳಿದಿದ್ದರೆ ಮನುಷ್ಯನು ಹೇಗೆ ಬಾಳಿಯಾನು ಎಂಬ ಪ್ರಶ್ನೆಯನ್ನೆತ್ತಿಕೊಂಡು ಈಚೆಗೆ ಅಮೆರಿಕಾ ದೇಶದಲ್ಲಿ ತರುಣರಿಗಾಗಿ ಕಾದಂಬರಿಗಳನ್ನು ಬರೆದಿದ್ದಾರೆ; ನಮ್ಮ ಮನೆಗಳ ಮಕ್ಕಳೂ ಅವುಗಳನ್ನು ಆಸಕ್ತಿಯಿಂದ ಓದುತ್ತಿದ್ದಾರೆ. ಅಲ್ಲಿ ಕಲ್ಪನೆಯಿಂದ ಕೇಳಿದ ಪ್ರಶ್ನೆಗೆ ಇಲ್ಲಿ ನಮ್ಮ ಹಾಸನ ಜಿಲ್ಲೆಯಲ್ಲಿಯೇ ಬಂಡೆಯ ಮೇಲೆ ಉತ್ತರವನ್ನು ಕೊರೆದಿಟ್ಟಿರುವುದನ್ನು ಕಣ್ಣಾರೆ ನೋಡಬೇಕೆಂಬುದೇ ನಮ್ಮ ಉದ್ದೇಶವಾಗಿತ್ತು.

ಚಿಕ್ಕಬೆಟ್ಟಕ್ಕೆ ಚಂದ್ರಗಿರಿಯೆಂದೂ ಹೆಸರು. ಹಳೆಯ ಶಾಸನಗಳಲ್ಲಿ ಇದನ್ನು ಕನ್ನಡದಲ್ಲಿ ಕಳ್ಬಪ್ಪು ಎಂದೂ ಸಂಸ್ಕೃತದಲ್ಲಿ ಕಟವಪ್ರವೆಂದೂ ಕರೆದಿದೆ. ಸಮುದ್ರಮಟ್ಟಕ್ಕೆ 3052 ಅಡಿ ಎತ್ತರವಿದ್ದರೂ, ಊರಿನ ನೆಲದಿಂದ ಹತ್ತುವುದು ಅಷ್ಟೇನೂ ಪ್ರಯಾಸವಲ್ಲ. ವಯಸ್ಸಾದವರೂ ನಿಂತು ನಿಂತು ಏರಬಹುದು. ಮೇಲೆ ಕೋಟೆಯೊಳಗೆ ಬಸ್ತಿಗಳ ಗುಂಪಿದೆ. ಆದರೆ ಇಲ್ಲಿಯ ನಿಜವಾದ ಸಂಪತ್ತು ಕಾಲ ಕೆಳಗಣ ಬಂಡೆಯಲ್ಲಿರುವುದು. ಎಲ್ಲಿ ನೋಡಿದರೂ ಅಕ್ಷರಗಳು. ನೋಡಿ ನೋಡಿ ಹೆಜ್ಜೆಯಿಡಬೇಕು. ರೈಸ್ ಸಾಹೇಬರು 1889ರಲ್ಲಿ ಬೆಳ್ಗೊಳದ 144 ಶಾಸನಗಳನ್ನು ಪ್ರಕಟಿಸಿದರು. ಆರ್. ನರಸಿಂಹಾಚಾರ್ಯರು 1923ರಲ್ಲಿ ಅವುಗಳ ಸಂಖ್ಯೆಯನ್ನು 500ಕ್ಕೆ ಮುಟ್ಟಿಸಿದರು. 1973ರ ಆವೃತ್ತಿಯಲ್ಲಿ 573 ಇವೆ. ಚಿಕ್ಕಬೆಟ್ಟದ ಹಳೆಯ ಶಾಸನಗಳಲ್ಲಿ ಬಹುಭಾಗವು ದಾನವನ್ನಾಗಲಿ ಯುದ್ಧವನ್ನಾಗಲಿ ಹೇಳುವುದಿಲ್ಲ. ಇಂಥವರು ಇಲ್ಲಿ ನೋಂತು ಮುಡಿಪಿದರೆಂದಷ್ಟೇ ಹೇಳುತ್ತವೆ.

ಇವುಗಳಲ್ಲಿ ಅತ್ಯಂತ ಪ್ರಾಚೀನವಾದುದು ಪಾರ್ಶ್ವನಾಥ ಬಸ್ತಿಯ ದಕ್ಷಿಣದಲ್ಲಿದೆ, ಕ್ರಿ. ಶ. 600ರ ಸುಮಾರಿನದೆಂದು ವಿದ್ವಾಂಸರು ಹೇಳುವರು. ಉಜ್ಜಯಿನಿಯಲ್ಲಿ ಭದ್ರಬಾಹುಸ್ವಾಮಿಯು ಹನ್ನೆರಡು ವರ್ಷದ ಕ್ಷಾಮವನ್ನು ಮುಂದಾಗಿ ಅರಿತು ಹೇಳಲು, ಮುನಿಸಂಘವು ದಕ್ಷಿಣಾಪಥಕ್ಕೆ ಹೊರಟಿತಂತೆ. ದಾರಿಯಲ್ಲಿ ಪ್ರಭಾಚಂದ್ರನೆಂಬ ಆಚಾರ್ಯನು ತನ್ನ ಆಯುಸ್ಸು ಸ್ವಲ್ಪವೇ ಉಳಿದಿದೆಯೆಂದು ತಿಳಿದು, ಸಂಘವನ್ನೆಲ್ಲ ಬೀಳ್ಕೊಟ್ಟು, ಒಬ್ಬನೇ ಶಿಷ್ಯನೊಡನೆ ಈ ತಣ್ಣನೆಯ ಬಂಡೆಯ ಮೇಲೆ ಸಮಾಧಿಯನ್ನು ಸಾಧಿಸಿದನು. ಕಾಲಕ್ರಮದಲ್ಲಿ ಏಳುನೂರು ಋಷಿಗಳು ಹಾಗೆಯೇ ಮಾಡಿದರೆಂದು ಶಾಸನವು ಮುಗಿಯುತ್ತದೆ. ಈ ಪ್ರಭಾಚಂದ್ರನು ಮೌರ್ಯ ಚಂದ್ರಗುಪ್ತನೇ ಎಂದು ಕೆಲವರು ವಾದಿಸುವರು, ಎಲ್ಲರೂ ಒಪ್ಪುವುದಿಲ್ಲ. ನಮ್ಮ ಮನಸ್ಸನ್ನು ಹಿಡಿದು ನಿಲ್ಲಿಸಿದುದು ಆ ಬೀಳ್ಕೊಡುಗೆ. ದಿನವು ಹತ್ತಿರವಾಯಿತೆಂದು ತಿಳಿದವನು ಜನರನ್ನು ಸುತ್ತ ಕೂಡಿಸಿಕೊಳ್ಳಲಿಲ್ಲ. ಅವರ ದಾರಿಗೆ ಅವರನ್ನು ಕಳುಹಿಸಿದನು.

ಈ ವ್ರತಕ್ಕೆ ಸಲ್ಲೇಖನವೆಂದು ಹೆಸರು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದರ ವಿಧಿಯನ್ನು ಹೇಳಿದ್ದಾರೆ. ಪರಿಹಾರವಿಲ್ಲದ ವಿಪತ್ತು, ಕ್ಷಾಮ, ಮುಪ್ಪು, ರೋಗ ಇವು ಬಂದೊದಗಿದಾಗ ಮಾತ್ರ ಇದು ಸಲ್ಲುವುದು. ಮೊದಲು ಸ್ನೇಹ ವೈರಗಳನ್ನು ಬಿಟ್ಟು, ಬಂಧುಗಳನ್ನೂ ಪರಿಜನರನ್ನೂ ಕ್ಷಮಿಸಿ, ಅವರಿಂದ ಕ್ಷಮೆಯನ್ನು ಬೇಡಬೇಕು. ಆಮೇಲೆ ಅನ್ನವನ್ನು ಬಿಟ್ಟು ಹಾಲು ಮೊದಲಾದವುಗಳಲ್ಲಿಯೂ, ಅವನ್ನೂ ಬಿಟ್ಟು ನೀರಿನಲ್ಲಿಯೂ ಮೆಲ್ಲಮೆಲ್ಲನೆ ನಿಂತು, ಕಡೆಗೆ ಉಪವಾಸಕ್ಕೆ ಬರಬೇಕು. ಈ ವ್ರತಕ್ಕೆ ಐದು ದೋಷಗಳನ್ನೂ ಎಣಿಸಿದ್ದಾರೆ: ಬದುಕಬೇಕೆಂಬ ಆಸೆ, ಬೇಗನೆ ಸಾಯಬೇಕೆಂಬ ಆಸೆ, ಭಯ, ಮಿತ್ರರ ಸ್ಮರಣೆ, ಮುಂದಿನ ಭೋಗದ ಬಯಕೆ. ಸಾವನ್ನು ಎದುರಿಗಿಟ್ಟುಕೊಂಡು ಕುಳಿತವನು ಆ ದಿನವನ್ನು ಹಿಂದಕ್ಕೂ ತಳ್ಳಬಾರದು, ಮುಂದಕ್ಕೂ ಎಳೆಯಬಾರದು. ಇದಕ್ಕಿಂತ ಕಠಿನವಾದ ನಿಯಮವನ್ನು ನಾವು ಬೇರೆಲ್ಲಿಯೂ ಕಂಡಿಲ್ಲ.

ಕೇವಲ ಮುನಿಗಳೇ ಈ ದಾರಿಯನ್ನು ಹಿಡಿದವರಲ್ಲ. ಕೋಟೆಯ ಬಾಗಿಲ ಬಳಿಯ ಕೂಗೆ ಬ್ರಹ್ಮದೇವರ ಕಂಬವು ಗಂಗರ ಮಾರಸಿಂಹನನ್ನು ಕುರಿತದ್ದು. ಅನೇಕ ಯುದ್ಧಗಳನ್ನು ಗೆದ್ದ ಆ ಅರಸನು ರಾಜ್ಯವನ್ನು ತ್ಯಜಿಸಿ, ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನ ನೋಂತು ಮುಡಿಪಿದನು. ಅವನು ಪಟ್ಟಗಟ್ಟಿ ಉಳಿಸಲೆಳಸಿದ ರಾಷ್ಟ್ರಕೂಟರ ನಾಲ್ಕನೆಯ ಇಂದ್ರನು 982ರಲ್ಲಿ ಈ ಬೆಳ್ಗೊಳದಲ್ಲಿಯೇ ದೇಹವನ್ನು ಬಿಟ್ಟನು. ಚೆಂಡಾಟದಲ್ಲಿ ಅವನಿಗಿದ್ದ ಕೌಶಲವನ್ನು ಶಾಸನವು ಮನಸಾರೆ ಹೊಗಳಿರುವುದನ್ನು ಓದಿದಾಗ ಕರುಳು ಚುರುಕ್ಕೆನ್ನುವುದು.

ಗೃಹಸ್ಥರ ಮನಸ್ಸಿಗೆ ಇನ್ನೂ ಹತ್ತಿರವಾದುದು ಮಾಚಿಕಬ್ಬೆಯ ವೃತ್ತಾಂತ. ಇವಳು ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲದೇವಿಯ ತಾಯಿ. ಶಾಂತಲೆಯು 1123ರಲ್ಲಿ ಈ ಬೆಟ್ಟದ ಮೇಲೆ ಸವತಿಗಂಧವಾರಣ ಬಸ್ತಿಯನ್ನು ಕಟ್ಟಿಸಿದಳು. 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು. ಮಗಳು ಹೋದ ಮೇಲೆ ತಾನು ನಿಲ್ಲಲಾರೆನೆಂದು ತಾಯಿ ಬೆಳ್ಗೊಳಕ್ಕೆ ಬಂದು, ಬಂಧುಗಳನ್ನು ಬೀಳ್ಕೊಂಡು, ಅರೆಮುಚ್ಚಿದ ಕಣ್ಣಿನಿಂದ ಪಂಚನಮಸ್ಕಾರವನ್ನು ಜಪಿಸುತ್ತ ಒಂದು ತಿಂಗಳು ಉಪವಾಸವಿದ್ದು ಮುಡಿಪಿದಳು. ಪುತ್ರಿಶೋಕವು ಶಾಸ್ತ್ರವು ಹೇಳಿದ ಕಾರಣಗಳಲ್ಲಿ ಸೇರಿಲ್ಲ. ಪ್ರಿಯರ ಸ್ಮರಣೆಯಾದರೋ ದೋಷವೆಂದೇ ಎಣಿಸಲ್ಪಟ್ಟಿದೆ. ಆದರೂ ಶಾಸನವು ಆ ಮಾತನ್ನು ಮರೆಮಾಡಿಲ್ಲ. ತಾಯಿಯ ಹೃದಯವನ್ನು ಬಲ್ಲವರು ಅವಳನ್ನು ದೂಷಿಸಲಾರರು. ಆದರೆ ಅವಳಂತೆ ಮಾಡೆಂದು ಇನ್ನೊಬ್ಬ ತಾಯಿಗೆ ಹೇಳಲೂ ಆರರು.

ಇಲ್ಲಿಯೇ ಇರುವುದು ಈ ವಿಷಯದ ಕಷ್ಟ. ತಟ್ಟೆಯನ್ನು ದೂರ ಸರಿಸುವ ವೃದ್ಧರೊಬ್ಬರು ವಿರಕ್ತರಾದರೋ, ಇಲ್ಲವೆ ತಾವು ಮನೆಗೆ ಹೊರೆಯೆಂದು ನೊಂದರೋ, ತಿಳಿಯುವುದು ಹೇಗೆ? ರಾಜಸ್ಥಾನದ ಹೈಕೋರ್ಟು 2015ನೆಯ ಆಗಸ್ಟ್ 10ರಂದು ಈ ಆಚರಣೆಯನ್ನು ಆತ್ಮಹತ್ಯೆಯೆಂದೇ ಎಣಿಸಿ ನಿಷೇಧಿಸಿತು. ಅದೇ ತಿಂಗಳ 31ರಂದು ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆಯನ್ನು ಕೊಟ್ಟಿತು. ಬೆಳಗಾವಿ ಜಿಲ್ಲೆಯ ಸದಲಗದಲ್ಲಿ ಹುಟ್ಟಿದ ಆಚಾರ್ಯ ವಿದ್ಯಾಸಾಗರರು 2024ನೆಯ ಫೆಬ್ರವರಿ 18ರಂದು ಛತ್ತೀಸಗಢದ ಡೋಂಗರಗಢದಲ್ಲಿ ಸಲ್ಲೇಖನದಿಂದ ದೇಹವನ್ನು ಬಿಟ್ಟರು; ಆ ಕ್ಷೇತ್ರದ ಹೆಸರೂ ಚಂದ್ರಗಿರಿಯೇ. ಹೀಗೆ ಈ ಪ್ರಶ್ನೆ ಕಲ್ಲಿನೊಂದಿಗೆ ಹಳತಾಗಿ ಹೋಗಿಲ್ಲ. ಪೂರ್ವಿಕರು ಇದರ ಅಪಾಯವನ್ನು ಕಾಣದವರಲ್ಲ. ಸಮಂತಭದ್ರರಿಗೇ ಎಷ್ಟು ಉಂಡರೂ ತಣಿಯದ ಭಸ್ಮಕರೋಗ ಬಂದಾಗ ಅವರು ಸಲ್ಲೇಖನಕ್ಕೆ ಅನುಮತಿಯನ್ನು ಬೇಡಿದರಂತೆ. ನಿನ್ನಿಂದ ಆಗಬೇಕಾದುದು ಇನ್ನೂ ಇದೆಯೆಂದು ಗುರುಗಳು ಒಪ್ಪಲಿಲ್ಲವೆಂದು ಕಥೆಯುಂಟು. ವಿಧಿಯನ್ನು ಬರೆದವರಿಗೇ ಗುರುಗಳು ಬೇಡವೆಂದರೆಂಬ ಈ ಕಥೆಯನ್ನು ಆ ವಿಧಿಯೊಡನೆಯೇ ಇಟ್ಟು ಓದಬೇಕು.

ಚನ್ನರಾಯಪಟ್ಟಣದಿಂದ ಬೆಳ್ಗೊಳಕ್ಕೆ ಸುಮಾರು 13 ಕಿಲೋಮೀಟರು. ಬೆಂಗಳೂರಿನಿಂದ ರೈಲೂ ಉಂಟು. ಹೋಗುವವರು ಬೆಳೆದ ಮಕ್ಕಳನ್ನೂ ಕರೆದುಕೊಂಡು ಹೋಗಿ, ಚಿಕ್ಕಬೆಟ್ಟಕ್ಕೆ ಎರಡು ಗಂಟೆಯ ಹೊತ್ತನ್ನಾದರೂ ಕೊಡಲಿ. ದಿನವು ತಿಳಿದಿದ್ದರೆ ಏನು ಮಾಡುತ್ತಿದ್ದಿರೆಂದು ಅವರನ್ನು ಕೇಳಿದರೆ ದೊಡ್ಡ ದೊಡ್ಡ ಉತ್ತರಗಳು ಬರುವುವು. ಈ ಬಂಡೆಗಳ ಮೇಲಿನ ಜನರಾದರೋ ಯಾವ ಹೊಸ ಸಾಹಸವನ್ನೂ ಮಾಡಲಿಲ್ಲ. ಮನಸ್ಸಿನಲ್ಲಿದ್ದ ಹಗೆಯನ್ನು ಬಿಟ್ಟರು, ಆಳುಕಾಳುಗಳಿಂದ ಸಹ ಕ್ಷಮೆಯನ್ನು ಬೇಡಿದರು, ತಮ್ಮವರನ್ನು ನಗುಮೊಗದಿಂದ ಕಳುಹಿಸಿದರು. ಇವುಗಳಲ್ಲಿ ಯಾವುದಕ್ಕೂ ದಿನವು ತಿಳಿದಿರಬೇಕೆಂಬ ನಿಯಮವಿಲ್ಲವಷ್ಟೆ.