ಅಪ್ಪನ ಅಟ್ಲಾಸ್

ಅಪ್ಪ ಹಾಲಿನ ಕ್ಯಾನು ಕಟ್ಟಿಕೊಂಡು ಡೈರಿಗೆ ತುಳಿಯುತ್ತಿದ್ದ ಅಟ್ಲಾಸ್ ಸೈಕಲ್ಲಿನಲ್ಲಿ ಗಟ್ಟಿಯಾಗಿ ಉಳಿದಿದ್ದು ಉಕ್ಕಿನ ಫ್ರೇಮು, ಕ್ಯಾರಿಯರ್ ಎರಡೇ. ಆಫೀಸಿಗೂ, ಸಂತೆಗೂ, ನಂದಿಬೆಟ್ಟಕ್ಕೂ ಆಗುವಂಗೆ ಮಾಡ್ಸೋಣ ಅಂತ ಬೆಂಗಳೂರಿಗೆ ತಗೊಂಡು ಬಂದೆ.

635 ಮಿ.ಮೀ. ರಿಮ್ ಹೋಗಿ 622 ಬಂತು. ಕಡ್ಡಿ ಬ್ರೇಕಿನ ಜಾಗಕ್ಕೆ ಉದ್ದ ತೋಳಿನ ಕೇಬಲ್ ಬ್ರೇಕು. ಗೇರಿನ ಹಿಂದಿನ ಚಕ್ರ ಮಾತ್ರ ಕೂರಲಿಲ್ಲ, ಫ್ರೇಮಿನ ಹಿಂಭಾಗ ಇಕ್ಕಟ್ಟು. ಮೆಕ್ಯಾನಿಕ್ ಮೆಲ್ಲಗೆ ಎಳೆದು ಅಗಲ ಮಾಡಿದ. "ಅಲ್ಯೂಮಿನಿಯಂ ಆಗಿದ್ರೆ ಬಿರುಕು ಬಿಡೋದು ಸಾರ್, ಉಕ್ಕು ಬಗ್ಗುತ್ತೆ." ಆಮೇಲೆ, "ಕ್ಯಾರಿಯರ್ ಬಿಚ್ಚಲಾ? ಹಗುರ ಆಗುತ್ತೆ." ಬೇಡ ಅಂದೆ. ನಾನು ಸ್ಕೂಲಿಗೆ ಹೋಗಿದ್ದು ಅದರ ಮೇಲೆ.

ಹಬ್ಬಕ್ಕೆ ಊರಿಗೆ ಒಯ್ದೆ. ಅಪ್ಪ ಗೇರು, ಬ್ರೇಕು ನೋಡಲೇ ಇಲ್ಲ. ಮಂಡಿನೋವಿನ ಕಾಲು ಎಳೆದುಕೊಂಡು ಬಂದು ಕ್ಯಾರಿಯರ್ ಮೇಲೆ ಕೂತು, "ನಡಿ, ಡೈರಿವರೆಗೂ ಹೋಗಿಬರೋಣ" ಅಂದ.